‘ಸಾಧಿಸಿ’ ಲೆಕ್ಕ ಹತ್ತು ಬೇಡ, ಮೂರು ಸಾಕು

ಮಾನ್ಯ ಸಂಪಾದಕರೇ,

ಕಾಳುಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಗಳಿಗೆ ಏಣಿ ಇಡುವ ಹೊತ್ತಿಗೇ ಕೊಡಗಿನ ಹತ್ತನೇ ತರಗತಿಯ ಮಕ್ಕಳಿಗೆ ಪರೀಕ್ಷೆಯ ತಲೆಬಿಸಿ. ತ್ರಿಕೋನಮಿತಿಯ ‘ಸಾಧಿಸಿ’ ಲೆಕ್ಕಗಳು (ಎರಡು ಬದಿಗಳು ಸಮ ಎಂದು ಹಂತ ಹಂತವಾಗಿ ತೋರಿಸುವವು) ಹತ್ತು ಹನ್ನೆರಡು ಒಟ್ಟಿಗೇ ಹೋಮ್‌ವರ್ಕಿಗೆ ಬರುತ್ತವೆ, ಮಕ್ಕಳು ಗೈಡ್ ನೋಡಿ ಇಳಿಸುತ್ತಾರೆ. ತಪ್ಪು ಇಳಿಸುವವರದ್ದಷ್ಟೇ ಅಲ್ಲ, ಅಷ್ಟೊಂದು ಕೊಡುವ ನಮ್ಮದೂ ಹೌದು.

ಮೂಲ ನಿತ್ಯಸಮೀಕರಣ, ಅಂದರೆ ಕೋನ ಬದಲಾದರೂ ನಿಜವಾಗಿಯೇ ಉಳಿಯುವ ಸಮೀಕರಣ, ಮೂರೇ. ಬಾಯಿಪಾಠಕ್ಕೆ ಬೇಕಿರುವುದು ಒಂದೇ. 25 ಅಡಿಯ ಏಣಿಯ ಬುಡ ಮರದಿಂದ 7 ಅಡಿ ದೂರ ಇದ್ದರೆ ತುದಿ 24 ಅಡಿ ಎತ್ತರ ಮುಟ್ಟುತ್ತದೆ. ನೆಲದ ಬಳಿಯ ಕೋನಕ್ಕೆ ಸೈನ್ (ಎತ್ತರ/ಏಣಿಯ ಉದ್ದ) 24/25, ಕಾಸ್ (ಬುಡದ ದೂರ/ಏಣಿಯ ಉದ್ದ) 7/25. 576ಕ್ಕೆ 49 ಕೂಡಿಸಿದರೆ 625, ಅಂದರೆ 25ರ ವರ್ಗ. ಸೈನ್ ವರ್ಗ + ಕಾಸ್ ವರ್ಗ = 1 ಎನ್ನುವುದು ಇದೇ ಪೈಥಾಗೊರಸ್. ಇದನ್ನು ಕಾಸ್ ವರ್ಗದಿಂದ ಭಾಗಿಸಿದರೆ 1 + ಟ್ಯಾನ್ ವರ್ಗ = ಸೆಕ್ ವರ್ಗ (ಟ್ಯಾನ್ ಎಂದರೆ ಸೈನ್/ಕಾಸ್, ಸೆಕ್ ಎಂದರೆ 1/ಕಾಸ್). ಸೈನ್ ವರ್ಗದಿಂದ ಭಾಗಿಸಿದರೆ ಮೂರನೆಯದು.

ಈಗ ಒಂದು ಲೆಕ್ಕ (ಎ ಎಂದರೆ ಕೋನ): ಕಾಸ್ ಎ / (1 – ಸೈನ್ ಎ) = ಸೆಕ್ ಎ + ಟ್ಯಾನ್ ಎ ಎಂದು ಸಾಧಿಸಿ. ಬಹಳ ಮಕ್ಕಳು ಮೊದಲ ಸಾಲಿನಲ್ಲೇ ಅಡ್ಡ ಗುಣಾಕಾರಕ್ಕೆ ಇಳಿಯುತ್ತಾರೆ. ಸಾಧಿಸಬೇಕಾದ್ದನ್ನು ಆಗಲೇ ಒಪ್ಪಿಕೊಂಡು ಹೊರಟಂತೆ ಅದು. ಒಂದೇ ಬದಿ ಹಿಡಿಯಬೇಕು, ಹೆಚ್ಚು ಗೋಜಲಾಗಿರುವ ಬದಿಯನ್ನು. ಇಲ್ಲಿ ಎಡಭಾಗ. ಛೇದದಲ್ಲಿ 1 – ಸೈನ್ ಕಂಡ ಕೂಡಲೇ ಅಂಶ, ಛೇದ ಎರಡನ್ನೂ 1 + ಸೈನ್‌ನಿಂದ ಗುಣಿಸಿ. ಛೇದ 1 – ಸೈನ್ ವರ್ಗ, ಅಂದರೆ ಕಾಸ್ ವರ್ಗವಾಗುತ್ತದೆ. ಮೇಲಿನ ಒಂದು ಕಾಸ್ ಕೆಳಗಿನ ಒಂದರೊಡನೆ ಹೊಡೆದುಹೋಗಿ (1 + ಸೈನ್ ಎ) / ಕಾಸ್ ಎ ಉಳಿಯುತ್ತದೆ. ಅದನ್ನು ಬಿಡಿಸಿದರೆ 1/ಕಾಸ್ ಎಂಬುದು ಸೆಕ್, ಸೈನ್/ಕಾಸ್ ಎಂಬುದು ಟ್ಯಾನ್. ಮುಗಿಯಿತು.

ಜಾಸ್ತಿ ಎಡವುವುದು ಛೇದವನ್ನು ಒಡೆಯುವಲ್ಲಿ: ಕಾಸ್/1 – ಕಾಸ್/ಸೈನ್ ಎಂದು ಬರೆದುಬಿಡುತ್ತಾರೆ. ಅಂಶವನ್ನು ಒಡೆಯಬಹುದು, ಛೇದವನ್ನಲ್ಲ. 1 – ಸೈನ್ ವರ್ಗದ ವರ್ಗಮೂಲ 1 – ಸೈನ್ ಎನ್ನುವವರೂ ಇದ್ದಾರೆ.

ಇಂಥವು ಸಿಕ್ಕಿಬೀಳಲು ಕೋನಕ್ಕೆ 30 ಡಿಗ್ರಿ ಹಾಕಿ ನೋಡಬೇಕು. ಮೇಲಿನ ಲೆಕ್ಕದಲ್ಲಿ ಎರಡೂ ಬದಿ ವರ್ಗಮೂಲ 3, ಸುಮಾರು 1.732. ಛೇದ ಒಡೆದವರಿಗೆ ಸಿಗುವುದು –0.866. ಆದರೆ 45 ಡಿಗ್ರಿ ಹಾಕಬೇಡಿ. ಅಲ್ಲಿ ಸೈನ್, ಕಾಸ್ ಎರಡೂ ಒಂದೇ ಆಗಿರುವುದರಿಂದ ಒಂದರ ಬದಲು ಇನ್ನೊಂದು ಬರೆದಿದ್ದರೂ ತಾಳೆಯಾಗಿಬಿಡುತ್ತದೆ. 90 ಡಿಗ್ರಿಯಲ್ಲಿ ಛೇದವೇ ಸೊನ್ನೆ. ತಾಳೆ ನೋಡಿದ್ದು ಸಾಧನೆಯಲ್ಲ ಎನ್ನುವುದನ್ನೂ ಹೇಳಿಕೊಡಬೇಕು, ಇಲ್ಲದಿದ್ದರೆ ಉತ್ತರಪತ್ರಿಕೆಯಲ್ಲೂ 30 ಡಿಗ್ರಿ ಹಾಕಿ ‘ಸಾಧಿಸಲಾಗಿದೆ’ ಎಂದು ಬರೆದು ಬರುತ್ತಾರೆ!

ಜಿಲ್ಲೆಯ ಗಣಿತ ಶಿಕ್ಷಕರಲ್ಲಿ ಕೋರಿಕೆ ಇಷ್ಟೇ: ದಿನಕ್ಕೆ ಮೂರು ಲೆಕ್ಕ ಕೊಡಿ, ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಸೂತ್ರದಿಂದ ಬಂತೆಂದು ಬರೆಸಿ. ಗೈಡಿನಲ್ಲಿ ಹಾರಿಸಿದ ಹಂತ ಆ ಖಾಲಿ ಜಾಗದಲ್ಲೇ ಗೊತ್ತಾಗುತ್ತದೆ.

— ಗಣಿತ ಶಿಕ್ಷಕ, ಸೋಮವಾರಪೇಟೆ