ಬಿಲ್‌ನಲ್ಲಿ ‘ಫುಲ್ಲಿ ಸಿಂಥೆಟಿಕ್’, ಬೈಕಿನಲ್ಲಿ ಕಾರಿನ ಆಯಿಲ್

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನನ್ನ ಟೂರಿಂಗ್ ಬೈಕಿಗೆ ತಪ್ಪು ಎಂಜಿನ್ ಆಯಿಲ್ ಹಾಕಿದ್ದರಿಂದ ಕ್ಲಚ್ ಜಾರುತ್ತಿರುವ ಬಗ್ಗೆ ದೂರು

ಮಾನ್ಯರೇ,

ಹೋದ ತಿಂಗಳು ಒಂದು ದೂರದ ಪ್ರಯಾಣಕ್ಕೆ ಹೊರಡುವ ನಾಲ್ಕು ದಿನ ಮುಂಚೆ ನನ್ನ ಬೈಕನ್ನು ನಿಮ್ಮ ಸರ್ವೀಸ್ ಸೆಂಟರ್‌ನಲ್ಲಿ ಬಿಟ್ಟಿದ್ದೆ. ಹೇಳಿದ್ದು ಒಂದೇ ಕೆಲಸ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವುದು. ಯಾವ ಆಯಿಲ್ ಅಂತಲೂ ಹೇಳಿದ್ದೆ: ಫುಲ್ಲಿ ಸಿಂಥೆಟಿಕ್, ಗಟ್ಟಿತನದ ಗ್ರೇಡ್ 10ಡಬ್ಲ್ಯೂ-40, ಮತ್ತು ಬೈಕಿನ ಆಯಿಲ್‌ಗೆ ಕೊಡುವ ಜಾಸೊ ಎಂಎ2 ಗುರುತು. ಸೀಟಿನ ಕೆಳಗಿದ್ದ ಮ್ಯಾನ್ಯುಯಲ್ ತೆಗೆದು ಆ ಪುಟವನ್ನೇ ತೋರಿಸಿದ್ದೆ. ನಿಮ್ಮ ಸರ್ವೀಸ್ ಅಡ್ವೈಸರ್ ತಲೆಯಾಡಿಸಿ ಜಾಬ್ ಕಾರ್ಡಿನಲ್ಲಿ ಬರೆದುಕೊಂಡದ್ದು ಎರಡೇ ಪದ, ‘ಸಿಂಥೆಟಿಕ್ ಆಯಿಲ್’. ನಾನು ಅಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ, ಅದು ನನ್ನ ತಪ್ಪು. ಉಳಿದದ್ದೆಲ್ಲ ನಿಮ್ಮದು.

ಮೊದಲ 600 ಕಿಲೋಮೀಟರ್ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ಉದ್ದನೆಯ ಏರು ಬಂತು. ಹಿಂದೆ ಹೆಂಡತಿ, ಎರಡೂ ಬದಿಗೆ ಲಗೇಜ್ ತುಂಬಿದ ಪೆಟ್ಟಿಗೆ. ಲಾರಿ ಹಿಂದಿಕ್ಕೋಣ ಅಂತ ಐದನೇ ಗೇರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದೆ. ಆರ್‌ಪಿಎಂ ಮುಳ್ಳು ಸರ್ ಅಂತ ಮೇಲೇರಿತು, ಬೈಕ್ ಮಾತ್ರ ಇದ್ದ ವೇಗದಲ್ಲೇ ಉಳಿಯಿತು. ಎದುರಿನಿಂದ ವಾಹನ ಬರುತ್ತಿರುವಾಗ ಹೀಗಾದರೆ ಏನಾಗುತ್ತೆ ಅಂತ ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಹೇಗೋ ಲಾರಿಯ ಹಿಂದಕ್ಕೇ ಸರಿದುಕೊಂಡೆವು.

ಮೊದಲು ಕ್ಲಚ್ ಕೇಬಲ್ ಮೇಲೆ ಅನುಮಾನ ಬಂತು. ಲಿವರ್‌ನ ಆಟ ನೋಡಿದೆ, ಸರಿಯಾಗಿಯೇ ಇತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಜಾರುತ್ತಿರಲಿಲ್ಲ, ಬಿಸಿಯಾದ ಮೇಲೆ ಭಾರ ಎಳೆಯುವಾಗ ಮಾತ್ರ ಜಾರುತ್ತಿತ್ತು. ನಿಮಗೆ ಫೋನ್ ಮಾಡಿದರೆ, “ಹೊಸ ಆಯಿಲ್ ಅಲ್ವಾ ಸಾರ್, ಸ್ವಲ್ಪ ಓಡಿಸಿ, ಸೆಟ್ ಆಗುತ್ತೆ” ಎಂಬ ಉತ್ತರ ಸಿಕ್ಕಿತು. ಆಯಿಲ್ ಏನು ಹೊಸ ಚಪ್ಪಲಿಯಾ, ಹಾಕಿಕೊಂಡು ಓಡಾಡಿದರೆ ಸೆಟ್ ಆಗೋಕೆ? ಹಾಕಿದ ಡಬ್ಬಿಯ ಫೋಟೊ ಕಳಿಸಿ ಅಂತ ಮೂರು ಸಲ ಕೇಳಿದ ಮೇಲೆ ನಿಮ್ಮ ಹುಡುಗನೊಬ್ಬ ಪಾಪ ಕಳಿಸಿಕೊಟ್ಟ. ಅವನನ್ನು ದಯವಿಟ್ಟು ಬೈಯಬೇಡಿ, ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದುಕೊಂಡವನು ಅವನೊಬ್ಬನೇ.

ಡಬ್ಬಿಯ ಹಿಂದೆ ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದುಂಡನೆಯ ಗುರುತು ಇತ್ತು. ಮೇಲೆ ದರ್ಜೆ ಎಸ್‌ಪಿ, ನಡುವೆ ಗ್ರೇಡ್ 5ಡಬ್ಲ್ಯೂ-30, ಕೆಳಗೆ ‘ರಿಸೋರ್ಸ್ ಕನ್ಸರ್ವಿಂಗ್’, ಅಂದರೆ ಇಂಧನ ಉಳಿಸುವಂಥದ್ದು. ಜಾಸೊ ಗುರುತು ಎಲ್ಲೂ ಇಲ್ಲ. ಅಂದರೆ ಇದು ಕಾರಿನ ಆಯಿಲ್. ಕಾರಿಗೆ ಒಳ್ಳೆಯ ಆಯಿಲೇ ಇರಬಹುದು, ಅದರ ತಯಾರಕರ ಮೇಲೆ ನನ್ನ ದೂರಿಲ್ಲ.

ಊರಿಗೆ ಬಂದು ನಿಮ್ಮ ಮ್ಯಾನೇಜರ್ ಮುಂದೆ ಕೂತಾಗ ಅವರು ಹೇಳಿದ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. “ನೀವು ಕೇಳಿದ್ದು ಸಿಂಥೆಟಿಕ್, ನಾವು ಹಾಕಿದ್ದೂ ಸಿಂಥೆಟಿಕ್. ನೀವು ಹೇಳಿದ್ದಕ್ಕಿಂತ ದುಬಾರಿಯದ್ದೇ ಹಾಕಿದ್ದೇವೆ.”

ಸಿಂಥೆಟಿಕ್ ಅನ್ನುವುದು ಮೂಲ ಎಣ್ಣೆ ಎಂಥದ್ದು ಅಂತ ಹೇಳುವ ಪದ, ಅಷ್ಟೇ. ಅದು ಯಾವ ಗಾಡಿಗೆ ಅಂತ ಆ ಪದ ಹೇಳುವುದಿಲ್ಲ. ಕಾರಿನಲ್ಲಿ ಎಂಜಿನ್ನಿನ ಆಯಿಲ್ ಬೇರೆ, ಗೇರ್‌ಬಾಕ್ಸಿನದು ಬೇರೆ. ನನ್ನ ಬೈಕಿನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಎಂಜಿನ್ನಿಗೆ ಜಾರುವ ಗುಣ ಬೇಕು, ಕ್ಲಚ್ ಪ್ಲೇಟಿಗೆ ಹಿಡಿತ ಬೇಕು. ಇಂಧನ ಉಳಿಸುವ ಕಾರಿನ ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಮಾಲಿಬ್ಡಿನಮ್‌ನಂಥ ಸೇರಿಕೆಗಳನ್ನು ಬೆರೆಸಿರುತ್ತಾರೆ. ಅವು ಪ್ಲೇಟಿನ ಮೇಲೆ ಕೂತರೆ ಹಿಡಿತ ಹೋಗುತ್ತದೆ. ಇದೇ ತೊಂದರೆ ಮನಗಂಡು ಜಪಾನಿನವರು 1998ರಲ್ಲಿ ಬೈಕಿನ ಆಯಿಲ್‌ಗೇ ಅಂತ ಜಾಸೊ ಟಿ903 ಮಾನದಂಡ ತಂದರು. ಕ್ಲಚ್ ಹಿಡಿತವನ್ನು ಅಳೆದು ನೋಡಿ ಹಿಡಿತ ಇರುವುದಕ್ಕೆ ಎಂಎ, ಜಾಸ್ತಿ ಜಾರುವುದಕ್ಕೆ ಎಂಬಿ ಅಂತ ಹೆಸರಿಟ್ಟರು. 2006ರಲ್ಲಿ ಎಂಎ ಒಳಗೇ ಎಂಎ1, ಎಂಎ2 ಅಂತ ಮತ್ತೆ ಭಾಗ ಮಾಡಿದರು. ಎಂಎ2 ಅಂದರೆ ಹೆಚ್ಚು ಹಿಡಿತದ ಬದಿ. ಎಂಬಿ ಇರುವುದು ಆಯಿಲ್‌ನಲ್ಲಿ ಮುಳುಗದ ಕ್ಲಚ್‌ನ ಸ್ಕೂಟರ್‌ಗಳಿಗೆ. ಡಬ್ಬಿ ತಿರುಗಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುವ ವಿಷಯ ಇದು.

ಇನ್ನು ಸಂಖ್ಯೆ. 5 ಮತ್ತು 10ರ ವ್ಯತ್ಯಾಸಕ್ಕೆ ನಾನು ಜಗಳ ಆಡುವುದಿಲ್ಲ, ಅದು ಚಳಿಯಲ್ಲಿ ಸ್ಟಾರ್ಟ್ ಆಗುವ ಮಾತು. ನನಗೆ ಮುಖ್ಯ ಎರಡನೆಯ ಸಂಖ್ಯೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 40ರ ಆಯಿಲ್‌ನ ಗಟ್ಟಿತನ 12.5ರಿಂದ 16.3 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. 30ರದ್ದು 9.3ರಿಂದ 12.5ರ ನಡುವೆ. ದಿನಕ್ಕೆ ಎಂಟು ಗಂಟೆ, ಇಬ್ಬರನ್ನೂ ಲಗೇಜನ್ನೂ ಹೊತ್ತು ಓಡುವ ಎಂಜಿನ್ ಅದು. ಅದರ ಮೇಲೆ ಗೇರಿನ ಹಲ್ಲುಗಳು ಆಯಿಲ್ ಅನ್ನು ಅರೆಯುತ್ತಲೇ ಇರುತ್ತವೆ, ಕಿಲೋಮೀಟರ್ ಆದಂತೆ ಅದು ಇನ್ನೂ ತೆಳುವಾಗುತ್ತದೆ. ಶುರುವಿನಲ್ಲೇ ತೆಳು ಹಾಕಿದರೆ ಕೊನೆಗೆ ಏನು ಉಳಿಯುತ್ತೆ? ನಾನು ಸಿಂಥೆಟಿಕ್ ಕೇಳಿದ್ದು ಹೆಸರಿನ ಮೋಹಕ್ಕಲ್ಲ. ಆ ಬಿಸಿಯಲ್ಲಿ ಅದು ಬೇಗ ಕೆಡುವುದಿಲ್ಲ, ಆವಿಯಾಗಿ ಹೋಗುವುದೂ ಕಡಿಮೆ, ಅದಕ್ಕೆ.

ನಿಮ್ಮ ಹಿರಿಯ ಮೆಕ್ಯಾನಿಕ್ ಇನ್ನೊಂದು ಸಲಹೆ ಕೊಟ್ಟರು: “ಬೈಕಿಗೆ ಸಿಂಥೆಟಿಕ್ಕೇ ಆಗಿಬರಲ್ಲ ಸಾರ್, ಮಿನರಲ್ ಹಾಕಿಸಿ.” ಮಿನರಲ್ ಅಂದರೆ ಕಚ್ಚಾ ತೈಲದಿಂದ ತೆಗೆದ ಸಾದಾ ಆಯಿಲ್. ಈ ಸಲಹೆಯೂ ತಪ್ಪು. ಮುಂಚೆ ಇದ್ದ ಆಯಿಲ್ ಹೆಸರು ಗೊತ್ತಿದೆ, ಅದೂ ಸಿಂಥೆಟಿಕ್ಕೇ, ಎಂಎ2. ಅದರಲ್ಲಿ 28,000 ಕಿಲೋಮೀಟರ್ ಓಡಿಸಿದ್ದೇನೆ, ಸಮಯಕ್ಕೆ ಸರಿಯಾಗಿ ಬದಲಾಯಿಸುತ್ತಾ. ಒಮ್ಮೆಯೂ ಕ್ಲಚ್ ಜಾರಲಿಲ್ಲ. ದಯವಿಟ್ಟು ಈ ಪತ್ರಕ್ಕೆ ಉತ್ತರವಾಗಿ ಮತ್ತೆ ಅದನ್ನೇ ಬರೆಯಬೇಡಿ.

ಆಯಿಲ್ ಜಾಸ್ತಿ ಆಗಿದ್ದೂ ಇದೆ. ಬೈಕ್ ನೇರ ನಿಲ್ಲಿಸಿ ನೋಡಿದರೆ, ಆಯಿಲ್ ಮಟ್ಟ ತೋರಿಸುವ ಎಂಜಿನ್ನಿನ ಗಾಜಿನ ಕಿಟಕಿಯಲ್ಲಿ ಮೇಲಿನ ಗೆರೆ ದಾಟಿತ್ತು. ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿಯೇ ಅಳತೆ ನೋಡಿದ್ದಾರೆ ಅನ್ನಿಸುತ್ತದೆ. ನನ್ನ ಬೈಕಿನ ಕಿಟಕಿ ಬಲಗಡೆ ಇದೆ, ಎಡಕ್ಕೆ ವಾಲಿದಾಗ ಆಯಿಲ್ ಕಡಿಮೆ ಇದ್ದಂತೆ ಕಾಣುತ್ತದೆ.

ದಾರಿಯಲ್ಲೇ ಒಂದು ಸಣ್ಣ ಗ್ಯಾರೇಜಿನಲ್ಲಿ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ ಸರಿಯಾದ ಎಂಎ2 ಹಾಕಿಸಿದೆ. ಜಾರುವುದು ಬಹಳ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಪೂರ್ತಿ ಭಾರ ಹಾಕಿ ಏರು ಹತ್ತಿಸಿದರೆ ಈಗಲೂ ಒಂದಿಷ್ಟು ಜಾರುತ್ತದೆ. ಪ್ಲೇಟುಗಳು ಸುಟ್ಟಿವೆಯೋ, ನೀವು ಹಾಕಿದ ಆಯಿಲ್ ಇನ್ನೂ ಹೀರಿಕೊಂಡಿವೆಯೋ, ಬಿಚ್ಚದೆ ಹೇಳುವುದು ಹೇಗೆ?

ಆದ್ದರಿಂದ ಕ್ಲಚ್ ಬಿಚ್ಚಿ. ನನ್ನ ಎದುರಿಗೇ ಬಿಚ್ಚಿ. ಫ್ರಿಕ್ಷನ್ ಪ್ಲೇಟಿನ ದಪ್ಪ, ಸ್ಟೀಲ್ ಪ್ಲೇಟಿನ ಬಾಗು, ಸ್ಪ್ರಿಂಗಿನ ಉದ್ದ ಅಳೆದು ಸರ್ವೀಸ್ ಮ್ಯಾನ್ಯುಯಲ್‌ನ ಮಿತಿಯ ಪಕ್ಕದಲ್ಲಿ ಬರೆದುಕೊಡಿ. ಮಿತಿ ಮೀರಿದ್ದರೆ ಅಥವಾ ಪ್ಲೇಟ್ ಗಾಜಿನ ಹಾಗೆ ಹೊಳೆಯುತ್ತಿದ್ದರೆ ನಿಮ್ಮ ಖರ್ಚಿನಲ್ಲಿ ಹೊಸದು ಹಾಕಿ. ನೀವು ತೆಗೆದುಕೊಂಡ ಆಯಿಲ್, ಫಿಲ್ಟರ್, ಕೂಲಿಯ ಹಣ ಮತ್ತು ದಾರಿಯಲ್ಲಿ ನಾನು ಕೊಟ್ಟ ಹಣ ಎರಡೂ ವಾಪಸ್ ಬರಬೇಕು. ಎರಡೂ ಬಿಲ್‌ಗಳ ಪ್ರತಿ ಮತ್ತು ಡಬ್ಬಿಯ ಫೋಟೊ ಇದರ ಜೊತೆ ಇಟ್ಟಿದ್ದೇನೆ. ಮತ್ತೊಂದು, ಇದಕ್ಕೆ ಕಾಸೇನೂ ಖರ್ಚಿಲ್ಲ: ಬಿಲ್‌ನಲ್ಲಿ ಸುಮ್ನೆ ‘ಸಿಂಥೆಟಿಕ್’ ಅಂತ ಬರೆಯದೆ ಗ್ರೇಡ್, ಜಾಸೊ ಗುರುತು ಎರಡನ್ನೂ ಬರೆಯಿರಿ, ಖಾಲಿ ಡಬ್ಬಿ ಗ್ರಾಹಕರ ಕೈಗೆ ಕೊಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು. ಬರದಿದ್ದರೆ ಗ್ರಾಹಕರ ದೂರು ಆಲಿಸುವವರ ಬಳಿ ಹೋಗುತ್ತೇನೆ.

ಬೈಕಿನಿಂದ ಇಳಿಸಿದ ನಿಮ್ಮ ಆಯಿಲ್‌ನಲ್ಲಿ ಒಂದು ಲೀಟರ್ ತೆಗೆದು, ಮುಚ್ಚಳ ಬಿಗಿದು, ತಾರೀಕು ಬರೆದು ಇಟ್ಟಿದ್ದೇನೆ. ಲ್ಯಾಬಿಗೆ ಕಳಿಸುವುದಾದರೆ ಅರ್ಧ ನಿಮಗೆ ಕೊಡುತ್ತೇನೆ, ಅರ್ಧ ನನ್ನ ಬಳಿಯೇ ಇರುತ್ತದೆ. ಕ್ಲಚ್ ಬಿಚ್ಚುವ ದಿನವನ್ನು ಒಂದು ದಿನ ಮುಂಚೆ ತಿಳಿಸಿ, ಎಂಜಿನ್ ತಣ್ಣಗಿರುವಂತೆ ಹಿಂದಿನ ರಾತ್ರಿಯೇ ತಂದು ಬಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ