ಈಡು ಹೊಡೆಯುವ ಮುಂಚೆ

ಪ್ರೀತಿಯ ಮಗಳೇ,

ಭಾನುವಾರ ನೀನು ಅಮೆರಿಕದ ಟೆಕ್ಸಾಸಿನಿಂದ ಫೋನಿನಲ್ಲಿ ಹೇಳಿದ್ದು ಕೇಳಿ ಅಪ್ಪ ಎದ್ದು ಅಂಗಳಕ್ಕೆ ಹೋದರು. ಸಿಟ್ಟಲ್ಲ, ಗಾಬರಿ. ನನಗೂ ಮಾತು ಹೊರಡಲಿಲ್ಲ. "ಆಯಿ, ನವೆಂಬರಿನಲ್ಲಿ ಆಫೀಸಿನವರ ಜೊತೆ ಜಿಂಕೆ ಬೇಟೆಗೆ ಹೋಗ್ತೇನೆ, ಹಂದಿನೂ ಸಿಗಬಹುದು" ಅಂದೆ. ಶಿರಸಿ ಪೇಟೆಗೆ ಹೋಗಿ ಬರ್ತೇನೆ ಅಂದ ಹಾಗಿತ್ತು. ಇಡೀ ವಾರ ಅದೇ ತಲೆಯಲ್ಲಿ. ಫೋನಿನಲ್ಲಿ ನನಗೆ ಎಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಹೋಗಬೇಡ ಎನ್ನಲು ಬರೆಯುತ್ತಿಲ್ಲ. ಬೇಟೆಯ ಮಾಂಸ ತಿಂದು ಬೆಳೆದವಳು ನಾನು. ನಿನಗೆ ಈ ಕಥೆಗಳನ್ನು ಪೂರ್ತಿ ಹೇಳಿರಲಿಲ್ಲ, ಅಷ್ಟೇ.

ದೇವಿಮನೆ ಘಟ್ಟ ಇಳಿದು ಕತಗಾಲದ ಕಡೆ ಬರುವಾಗ ಎಡಬಲಕ್ಕೂ ಕಾಡು ಇದೆಯಲ್ಲ, ಅದರ ಅಂಚಿಗೇ ನಮ್ಮ ಗದ್ದೆ. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿಗಳ ಹಿಂಡು ಇಳಿಯುತ್ತಿತ್ತು. ತಿನ್ನುವುದು ಸ್ವಲ್ಪ, ಹೊರಳಾಡಿ ಹಾಳು ಮಾಡುವುದು ಜಾಸ್ತಿ. ನಿನ್ನ ಅಜ್ಜ ರಾತ್ರಿಯೆಲ್ಲಾ ಮಾಳದ ಮೇಲೆ ಕೂತು ಕಾಯುತ್ತಿದ್ದ. ಜೊತೆಗೆ ನಾನೂ ಎಷ್ಟೋ ರಾತ್ರಿ ಕೂತಿದ್ದೇನೆ. ಡಬ್ಬ ಬಡಿಯುವುದು, ಕೂಗು ಹಾಕುವುದು ನನ್ನ ಕೆಲಸ. ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಅದಕ್ಕೆ ತೆಂಗಿನೆಣ್ಣೆ ಹಚ್ಚಿ ಒರೆಸುತ್ತಿದ್ದ. ಈಗಲೂ ಬಟ್ಟೆಗೆ ತೆಂಗಿನೆಣ್ಣೆ ತಾಗಿ ಹಳತಾದ ವಾಸನೆ ಬಂದರೆ ನನಗೆ ಅಜ್ಜ ಪಕ್ಕದಲ್ಲಿ ಕೂತ ಹಾಗಾಗುತ್ತದೆ.

ಕೊಯ್ಲು ಮುಗಿದ ಮೇಲೆ ಊರವರೆಲ್ಲ ಸೇರಿ ಬೇಟೆಗೆ ಹೋಗುತ್ತಿದ್ದರು. ಕೆಲವರು ನಾಯಿಗಳ ಜೊತೆ ಕೂಗುತ್ತಾ ಹಳುವಿಗೆ, ಅಂದರೆ ದಟ್ಟ ಪೊದೆಗಳಿಗೆ, ನುಗ್ಗುವವರು. ಕೋವಿ ಇದ್ದವರು ಪ್ರಾಣಿ ದಾಟುವ ಕಂಡಿಯಲ್ಲಿ ಕಾದು ಕೂರುವವರು. ಸಂಜೆ ಹಂದಿಯನ್ನು ಬಡಿಗೆಗೆ ಕಟ್ಟಿ ಹೊತ್ತು ತಂದರೆ ಊರಿಗೇ ಹಬ್ಬ. ಒಣ ಸೋಗೆ ಉರಿಸಿ ಕೂದಲು ಸುಡುತ್ತಿದ್ದರು. ಕತ್ತಿಯ ಬೆನ್ನಿನಿಂದ ಹೆರೆಯುತ್ತಿದ್ದರು. ಸುಟ್ಟು ಹೆರೆದ ಮೇಲೆ ಚರ್ಮ ಹೊಂಬಣ್ಣಕ್ಕೆ ಬರುತ್ತಿತ್ತು. ನಾವು ಮಕ್ಕಳು ಸುತ್ತ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದೆವು. ಪಾಲು ಹಾಕುವುದು ಸಾಗವಾನಿ ಎಲೆಯ ಮೇಲೆ. ಈಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ನಾಯಿಗಳಿಗೂ ಪಾಲು. ಬೇಟೆಗೆ ಬರಲು ಗಂಡಸರೇ ಇಲ್ಲದ ಮನೆಗಳಿಗೆ ಮೊದಲು ಕಟ್ಟಿ ಕಳಿಸಬೇಕು, ಅದು ಅಜ್ಜನ ಹಟ. ಆ ಪೊಟ್ಟಣ ಹಿಡಿದು ಓಡುತ್ತಿದ್ದವಳು ನಾನೇ.

"ತುಂಬಾ ಎಂಜಾಯ್ ಮಾಡ್ತಾರಂತೆ" ಅಂದೆಯಲ್ಲ, ಆ ಮಾತು ಅಪ್ಪನಿಗೆ ಚುಚ್ಚಿತು. ನನಗೆ ಹಾಗನ್ನಿಸಲಿಲ್ಲ. ಬೇಟೆಯಲ್ಲಿ ಖುಷಿ ಇಲ್ಲ ಎಂದರೆ ಸುಳ್ಳಾಗುತ್ತದೆ. ಬೆಳಗಿನ ಜಾವ ಇಬ್ಬನಿಯಲ್ಲಿ ಕಾಲು ನೆನೆಸಿಕೊಂಡು ನಡೆಯುವುದು, ಉಸಿರು ಬಿಗಿ ಹಿಡಿದು ಕಿವಿಗೊಡುವುದು, ತರಗೆಲೆ ಸರಕ್ ಅಂದರೆ ಎದೆ ಹೊಡೆದುಕೊಳ್ಳುವುದು. ಮಾಳದ ಮೇಲೆ ಅದೆಲ್ಲ ನಾನೂ ಅನುಭವಿಸಿದ್ದೇನೆ. ಅಜ್ಜನಿಗಂತೂ ಅದೇ ಜೀವ. ಆದರೆ ಒಂದು ದಿನ ಅದು ನಿಂತುಹೋಯಿತು.

1975. ನನಗೆ ಹನ್ನೊಂದು ವರ್ಷ. ಮಳೆಗಾಲ ಮುಗಿದಿತ್ತು. ಕತ್ತಲಾಗುವ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಕಡವೆ ನಿಂತದ್ದು ಕಂಡಿತು. ಅಜ್ಜ ಈಡು ಹೊಡೆದ. ಪೆಟ್ಟು ಬಿತ್ತು, ಆದರೆ ಕಡವೆ ಓಡಿತು. ದೊಂದಿ ಹಿಡಿದು ಸ್ವಲ್ಪ ದೂರ ರಕ್ತದ ಜಾಡು ನೋಡಿದರು. ಕತ್ತಲು, ಜೊತೆಗೆ ದಣಿವು. "ಬೆಳಿಗ್ಗೆ ನೋಡುವ" ಎಂದು ತಿರುಗಿ ಬಂದರು. ಬೆಳಿಗ್ಗೆ ಹೋದರೆ ರಾತ್ರಿ ಬಿದ್ದ ಮಳೆಗೆ ಜಾಡು ತೊಳೆದುಹೋಗಿತ್ತು.

ನಾಲ್ಕನೇ ದಿನ ನನ್ನ ಆಯಿ ಹಳ್ಳದಿಂದ ನೀರು ತಂದು, ಕೊಡ ಇಳಿಸಿ, ಮೂಸಿ ನೋಡಿದಳು. ನೀರು ನಾರುತ್ತಿದೆ ಅಂದಳು. ಅಜ್ಜ ಮಾತಾಡದೆ ಹಳ್ಳದ ಮೇಲೆ ಹೋದ. ಅವನ ಹಿಂದೆ ನಾನು. ಗುಂಡು ತಿಂದ ಮಿಗ ನೀರು ಹುಡುಕಿಕೊಂಡು ಹೋಗುತ್ತದೆ, ಮಗಾ. ಅದು ಅಲ್ಲಿ ಬಿದ್ದಿತ್ತು. ಮೂತಿ ನೀರಿನಲ್ಲಿ. ಪೆಟ್ಟು ಹೊಟ್ಟೆಗೆ. ಮುಂಗಾಲಿನ ಗೊರಸು ಎಳೆದೆಳೆದು ಮರಳಿನಲ್ಲಿ ಎರಡು ಗೀರು ಆಳವಾಗಿ ಮೂಡಿದ್ದವು. ಬಿದ್ದ ಮೇಲೂ ಎಷ್ಟೋ ಹೊತ್ತು ಏಳಲು ನೋಡಿದೆ ಅದು. ಸತ್ತು ಒಂದು ದಿನವೂ ಆಗಿರಲಿಕ್ಕಿಲ್ಲ ಎಂದು ಅಜ್ಜ ಆಮೇಲೆ ಹೇಳಿದ. ಅಂದರೆ ಎರಡು ಮೂರು ದಿನ ನೋವು ತಿಂದಿದೆ. ಅಜ್ಜ ಆ ಗೀರುಗಳ ಪಕ್ಕ ಕೂತ. ಪಾಪ ಪುಣ್ಯದ ಮಾತು ಆಡಲಿಲ್ಲ. "ಒಬ್ಬರ ಬಾಯಿಗೂ ಆಗಲಿಲ್ಲ" ಅಂದ, ಅಷ್ಟೇ. ನಾಲ್ಕು ಜನ ಹಗ್ಗ ಹಾಕಿ ಎಳೆದು ಮಣ್ಣು ಮಾಡಿದರು.

ಆಮೇಲೆ ಕೋವಿ ಗದ್ದೆ ಕಾಯುವುದಕ್ಕೆ ಮಾತ್ರ. ಅದೂ ಬೆದರಿಸಲು, ಆಕಾಶಕ್ಕೆ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಊರಿನಲ್ಲಿ ಅದರ ಬಿಸಿ ತಟ್ಟಲು ಎಷ್ಟೋ ವರ್ಷ ಬೇಕಾಯಿತು. ಅಜ್ಜ ಬಿಟ್ಟದ್ದು ಕಾಯ್ದೆಗೆ ಹೆದರಿ ಅಲ್ಲ.

ಈಗ ನಿನ್ನ ಊರಿನ ವಿಷಯ. ನೀನು ಹೇಳಿದ ಮೇಲೆ ಕೂತು ಓದಿದೆ. ಟೆಕ್ಸಾಸಿನ ಹಂದಿ ನಮ್ಮ ಹಂದಿಯ ಹಾಗೆ ಕಾಡಿನ ಮೂಲದ್ದಲ್ಲ. ಸ್ಪೇನಿನವರು 1500ರ ದಶಕಗಳಲ್ಲಿ ಹಡಗಿನಲ್ಲಿ ತಂದ ಸಾಕುಹಂದಿ ತಪ್ಪಿಸಿಕೊಂಡು ಕಾಡು ಸೇರಿತು. 1930ರ ಹೊತ್ತಿಗೆ ಬೇಟೆಗೆಂದೇ ಯುರೋಪಿನ ಕಾಡುಹಂದಿ ತಂದು ಬಿಟ್ಟರು. ಎರಡೂ ಕೂಡಿ ಬೆಳೆದವು. ಒಂದು ಸೂಲಿಗೆ ಐದಾರು ಮರಿ. ಈಗ 20 ಲಕ್ಷಕ್ಕಿಂತ ಜಾಸ್ತಿ ಇವೆಯಂತೆ. ಹೊಲ ಅಗೆದು ಹಾಕುವ ಫೋಟೋ ನೋಡಿ ನಮ್ಮ ಗದ್ದೆಯೇ ನೆನಪಾಯಿತು. ಅಲ್ಲಿನ ರೈತರ ಸಂಕಟ ನನಗೆ ಅರ್ಥವಾಗುತ್ತದೆ. ಜಿಂಕೆ ತಿನ್ನುತ್ತಿದ್ದ ತೋಳಗಳನ್ನೂ ಮನುಷ್ಯರೇ ಮುಗಿಸಿಬಿಟ್ಟರು. ಹಾಗಾಗಿ ಅಲ್ಲಿ ಲೆಕ್ಕ ಹಾಕಿ, ಸೀಸನ್ ಇಟ್ಟು ಜಿಂಕೆ ಹೊಡೆಯಲು ಬಿಡುವುದರಲ್ಲಿ ಅರ್ಥವಿದೆ. ಬಂದೂಕು, ಗುಂಡು ಮಾರುವಾಗ ಹಾಕುವ ತೆರಿಗೆ 1937ರಿಂದ ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ ಎಂದು ಓದಿ ಒಳ್ಳೆಯದು ಅನ್ನಿಸಿತು.

ಒಂದು ಮಾತ್ರ ಓದಿ ಹೊಟ್ಟೆ ಚುರುಕ್ ಅಂದಿತು. ನಮ್ಮ ಚುಕ್ಕಿ ಜಿಂಕೆಯೂ ಅಲ್ಲಿದೆಯಂತೆ! 1932ರಲ್ಲಿ ತಂದು ಬಿಟ್ಟದ್ದು. ಅದಕ್ಕೆ ಸೀಸನ್ನೂ ಇಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ದಾಂಡೇಲಿಯಲ್ಲಿ ಜೀಪು ನಿಲ್ಲಿಸಿ ನಿನಗೆ ತೋರಿಸಿದ್ದೆವಲ್ಲ, ನೀನು ಎಣಿಸಲು ಹೋಗಿ ಲೆಕ್ಕ ತಪ್ಪಿದ್ದೆ, ಅದೇ. ಅದು ಎದುರಿಗೆ ಬಂದರೆ ನನಗೋಸ್ಕರ ಬಿಟ್ಟುಬಿಡು. ಇದಕ್ಕೆ ನನ್ನ ಹತ್ತಿರ ಕಾರಣ ಇಲ್ಲ.

ಇನ್ನೊಂದು. ಇಲ್ಲಿಗೆ ಬಂದಾಗ "ಅಲ್ಲಿ ನಡೆಯುತ್ತದೆ, ಇಲ್ಲಿ ಯಾಕೆ ಬೇಡ" ಎಂದು ಚಿಕ್ಕಪ್ಪನ ಮಕ್ಕಳ ಮುಂದೆ ಹೇಳಬೇಡ. ಇಲ್ಲಿನ ಹಂದಿ, ಕಡವೆ, ಜಿಂಕೆ ಕಾಳಿ ಕಾಡಿನ ಹುಲಿಗೂ ಸೀಳುನಾಯಿಗೂ ಊಟ. ಇಲ್ಲಿ ಹೊಡೆದರೆ ಜೈಲು. ಬೆಳೆ ಕಾಯುವ ಕೋವಿಯನ್ನೂ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುತ್ತೇವೆ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದು ಸಾಯುವುದನ್ನು ಈಗಲೂ ಪೇಪರಿನಲ್ಲಿ ಓದುತ್ತೇವೆ.

ನೀನಿನ್ನೂ ವೀಸಾ ಮೇಲೆ ಇರುವವಳು. ಖಾಸಗಿ ಜಾಗದಲ್ಲಿ ಮಾಲೀಕರು ಒಪ್ಪಿದರೆ ಹಂದಿಗೆ ಲೈಸೆನ್ಸ್ ಬೇಡ ಎಂದು 2019ರಿಂದ ನಿಯಮ ಸಡಿಲವಾಗಿದೆ, ನಿಜ. ಆದರೆ ನಿನ್ನಂಥ ವೀಸಾದವರು ಬೇಟೆ ಲೈಸೆನ್ಸ್ ಇಲ್ಲದೆ ಬಂದೂಕು ಹಿಡಿದರೆ ಕೇಂದ್ರದ ಕಾನೂನಿಗೆ ಸಿಕ್ಕಿಬೀಳಬಹುದು. ಮೊದಲು ಲೈಸೆನ್ಸ್ ಮಾಡಿಸು. ಬೇಟೆಯ ತರಬೇತಿಯನ್ನೂ ಸುಮ್ನೆ ಶಾಸ್ತ್ರಕ್ಕೆ ಮುಗಿಸಬೇಡ, ಲಕ್ಷ್ಯ ಕೊಟ್ಟು ಕಲಿ.

ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೋ. ಸರ್ಕಾರದ ಬೇಟೆ ಜಾಗದಲ್ಲಿ ಅದು ಕಡ್ಡಾಯ, ಖಾಸಗಿ ಜಾಗದಲ್ಲಿ ಕಾನೂನು ಕೇಳುವುದಿಲ್ಲ. ನಾನು ಕೇಳುತ್ತೇನೆ. ನಮ್ಮ ಪಕ್ಕದ ಊರಿನಲ್ಲಿ ಅಲುಗಿದ ಹಳುವಿಗೆ ಈಡು ಹೊಡೆದರು. ಒಳಗಿದ್ದದ್ದು ಹೊಡೆದವನ ಅಣ್ಣನ ಮಗ. ಆ ಮನೆಯವರನ್ನು ನಾನು ಈಗಲೂ ಮದುವೆ ಮನೆಗಳಲ್ಲಿ ನೋಡುತ್ತೇನೆ. ಪ್ರಾಣಿ ಪೂರ್ತಿ ಕಾಣದೆ, ಅದರ ಹಿಂದೆ ಏನಿದೆ ಎಂದು ತಿಳಿಯದೆ, ಕೋವಿಯ ಕುದುರೆಗೆ, ಅದೇ ಟ್ರಿಗರಿಗೆ, ಬೆರಳು ಇಡಬಾರದು.

ಜಿಂಕೆ ಅಡ್ಡಲಾಗಿ ನಿಲ್ಲುವ ತನಕ ಕಾಯಿ. ಮುಂಗಾಲಿನ ಹಿಂದೆ, ಎದೆಗೂಡಿಗೆ. ಅಲ್ಲಿಗೆ ಸಿಗದಿದ್ದರೆ ಬಿಟ್ಟುಬಿಡು, ಬರಿಗೈಯಲ್ಲಿ ಬಾ. ಪೆಟ್ಟು ತಿಂದು ಓಡಿತೆಂದರೆ ತಕ್ಷಣ ಬೆನ್ನು ಹತ್ತಬೇಡಿ. ಅಟ್ಟಿದಷ್ಟೂ ದೂರ ಹೋಗುತ್ತದೆ. ಅರ್ಧ ಗಂಟೆ ಕೂತು, ಆಮೇಲೆ ಜಾಡು ಹಿಡಿಯಿರಿ. ಸಿಗುವ ತನಕ ಮನೆಗೆ ಬರಬೇಡ. ಕತ್ತಲಾಗಲಿ, ಜೊತೆಯವರು ಬೇಸರ ಮಾಡಿಕೊಳ್ಳಲಿ, ಮರುದಿನ ಆಫೀಸು ತಪ್ಪಲಿ. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದೊಂದು ಮರೆಯಬೇಡ.

ಸಿಕ್ಕ ಮೇಲೆ ಫೋಟೋ ತೆಗೆದು ಎದ್ದು ಹೋಗಬೇಡ. ಕರುಳು ತೆಗೆಯುವುದರಿಂದ ಮಾಂಸ ಮಾಡುವ ತನಕ ನಿನ್ನ ಕೈಯೂ ಇರಲಿ. ಕರುಳು ಬೇಗ ತೆಗೆದು ಮಾಂಸ ತಣ್ಣಗಾಗಿಸಬೇಕು, ಇಲ್ಲದಿದ್ದರೆ ಕೆಡುತ್ತದೆ. ಹಂದಿಯಾದರೆ ಕೈಗವಸು ಹಾಕಿಕೋ. ಅಲ್ಲಿನ ಹಂದಿಗಳಲ್ಲಿ ಬ್ರುಸೆಲ್ಲೋಸಿಸ್ ಎಂಬ ರೋಗ ಇರುತ್ತದೆ, ಗಾಯವಿದ್ದ ಕೈಗೆ ರಕ್ತ ತಾಗಿದರೆ ಮನುಷ್ಯರಿಗೂ ಬರುತ್ತದೆ. ಅಡುಗೆಯಲ್ಲೂ ಹಂದಿ ಮಾಂಸ ಒಳಗಿನ ತನಕ ಬೇಯಬೇಕು, 71 ಡಿಗ್ರಿ ಸೆಲ್ಸಿಯಸ್ ಅನ್ನುತ್ತಾರೆ. ನನ್ನ ಆಯಿಗೆ ಡಿಗ್ರಿ ಗೊತ್ತಿರಲಿಲ್ಲ. ಎಲುಬಿನಿಂದ ಮಾಂಸ ತಾನಾಗಿ ಬಿಡುವ ತನಕ ಬೇಯಿಸುತ್ತಿದ್ದಳು. ಅರಿಶಿನ, ಉಪ್ಪು ಹಾಕಿ ಮೊದಲು ಬೇಯಿಸಿಕೋ. ಕಾಳುಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಹುರಿದು ತರಿತರಿಯಾಗಿ ಅರೆದು ಹಾಕು. ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ, ಅದಕ್ಕೆ ಎಣ್ಣೆ ಸ್ವಲ್ಪ ಮುಂದಾಗಿ ಬೀಳಲಿ. ಕೊನೆಗೆ ಉಪ್ಪಾಗೆ ಹುಳಿ. ನಿಂಬೆಹಣ್ಣು ಹಿಂಡಬೇಡ, ಆ ರುಚಿಯೇ ಬೇರೆ.

ಹುಳಿ, ಕಾಳುಮೆಣಸು ಕಟ್ಟಿಟ್ಟಿದ್ದೇನೆ, ಸೋಮವಾರ ಕಳಿಸುತ್ತೇನೆ. ನಿನ್ನ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಆ ಅಜ್ಜಿಗೆ ಮೊದಲು ಒಂದು ಡಬ್ಬ ಕೊಟ್ಟು ಬಾ. ಆಮೇಲೆ ನೀವು ಉಣ್ಣಿ.

ನಿನ್ನ
ಆಯಿ