ನನ್ನ ಅಂಗಾಲು ನೋಡಿದವರಿಗೆ

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನ ಎಡಗಾಲಿಗೆ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಎರಡು ವರ್ಷ. ಕಳೆದ ವಾರದ ತಪಾಸಣೆಯಲ್ಲೂ ರೋಗದ ಸುಳಿವಿಲ್ಲ. ಇದನ್ನು ಕೊಡಗಿನ ನಾಪೋಕ್ಲು ಸುತ್ತಿನ ಕೆಲವರಿಗೆ ಎದುರಿಗೇ ಹೇಳಹೋದೆ, ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಆ ಮಳೆಗಾಲದಲ್ಲಿ ಹಿಮ್ಮಡಿಯ ಮೇಲೆ ಕಂಡ ಕಪ್ಪು ಮಚ್ಚೆಯನ್ನು ಮೊದಲು ಇಂಬಳ ಕಚ್ಚಿದ ಗುರುತೆಂದುಕೊಂಡೆ, ಆಮೇಲೆ ಆಣಿಯೆಂದು ಪಟ್ಟಿ ಅಂಟಿಸಿದೆ. ನೋವಿರಲಿಲ್ಲ. ಬೆಳಿಗ್ಗೆ ಗಂಬೂಟಿನೊಳಗೆ ಹೋದ ಕಾಲು ಹೊರಬರುತ್ತಿದ್ದುದು ಕತ್ತಲಾದ ಮೇಲೆ.

ಕಾಫಿ ಕುಯ್ಲಿಗೆ ಮೊದಲು ನಮ್ಮೂರಿನ ಸ್ತ್ರೀಶಕ್ತಿ ಸಂಘದವರು ಅಂಗನವಾಡಿಯಲ್ಲಿ ಚರ್ಮದ ತಪಾಸಣೆ ಇಟ್ಟುಕೊಂಡಿದ್ದರು. ನಾನು ಹೋದದ್ದು ಕುರ್ಚಿಗಳನ್ನು ಇಳಿಸಿ ಬರಲು. "ಅಣ್ಣಾ, ಬಂದವರೆಲ್ಲ ತೋರಿಸಬೇಕು, ಬೂಟು ಬಿಚ್ಚಿ" ಎಂದರು ಆಶಾ ಕಾರ್ಯಕರ್ತೆ. ಕಾಲು ಹಿಂದಕ್ಕೆಳೆದುಕೊಂಡೆ. ಕೊಡಗಿನಲ್ಲಿ ಹಿರಿಯರ ಕಾಲು ಮುಟ್ಟುತ್ತೇವೆ, ಯಾರ ಅಂಗಾಲನ್ನೂ ನೋಡುವುದಿಲ್ಲ. ಆ ತಂಗಿ ನೆಲದ ಮೇಲೆ ಕುಳಿತು, ನನ್ನ ಪಾದವನ್ನು ಮಡಿಲಿಗೆ ತೆಗೆದುಕೊಂಡು ಒದ್ದೆ ಬಟ್ಟೆಯಿಂದ ಕೆಸರು ಒರೆಸಿದರು. "ಇದು ಆಣಿಯಲ್ಲ ಅಣ್ಣಾ. ಅಂಚು ನೋಡಿ, ಹರಡುತ್ತಿದೆ."

ಮಡಿಕೇರಿಯಿಂದ ಬಂದಿದ್ದ ಚರ್ಮವೈದ್ಯರು ಬಯಾಪ್ಸಿ ಬರೆದುಕೊಟ್ಟರು. ಬಂದ ಉತ್ತರ ಮೆಲನೋಮಾ, ಚರ್ಮದ ಕ್ಯಾನ್ಸರಿನ ಒಂದು ಬಗೆ. ಬಿಳಿಯರಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಬಿಸಿಲಿಗೆ ಒಡ್ಡಿದ ಚರ್ಮದಲ್ಲಿ ಹುಟ್ಟುತ್ತದಂತೆ. ನಮ್ಮಂಥ ಮೈಬಣ್ಣದವರಲ್ಲಿ ಬಿಸಿಲು ತಾಗದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಅಡಗಿರುವುದು ಹೆಚ್ಚು. ಅದು ಎಷ್ಟು ಆಳಕ್ಕಿಳಿದಿದೆ ಎಂಬುದೇ ಮುಖ್ಯ. ನನ್ನದು 1 ಮಿಲಿಮೀಟರಿಗಿಂತ ಕಡಿಮೆಯಿತ್ತು. ಸುತ್ತ 1 ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯ ಚರ್ಮವನ್ನು ಕಸಿ ಮಾಡಿದರು. ಕಾಲು ಉಳಿಯಿತು.

ತಪಾಸಣೆಯ ಅದೇ ದಿನ ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿಯೊಬ್ಬರು ಮೊಣಕಾಲಿನ ಹಳೆಯ ಸುಟ್ಟಗಾಯದ ಕಲೆಯನ್ನು ತೋರಿಸಿದ್ದರು. ಅದರ ನಡುವೆ ತಿಂಗಳುಗಟ್ಟಲೆ ಮಾಯದ ಹುಣ್ಣು. ಅದೂ ಚರ್ಮದ ಕ್ಯಾನ್ಸರ್ ಆಗಿತ್ತು, ಬೇರೆ ಬಗೆಯದು. ಅವರೂ ಗುಣವಾಗಿ ಮೊಮ್ಮಕ್ಕಳೊಡನೆ ಇದ್ದಾರೆ. ನನ್ನ ಸುದ್ದಿಗಿಂತ ಆ ಸುದ್ದಿ ನನಗೆ ಹೆಚ್ಚು ಸಂತೋಷ ಕೊಟ್ಟಿತು. ಅವರನ್ನು ಬೆಂಗಳೂರಿಗೆ ಕರೆದೊಯ್ಯುವವರೇ ಇರಲಿಲ್ಲ, ಸಂಘದ ಇಬ್ಬರು ಸರದಿಯಲ್ಲಿ ಜೊತೆಗಿದ್ದರು.

ಆ ತಂಗಿಗೆ, ಸಂಘದ ಅಕ್ಕಂದಿರಿಗೆ, ವೈದ್ಯರಿಗೆ, ನಸುಕಿನಲ್ಲಿ ಜೀಪು ತಂದವರಿಗೆ, ನಾನು ಮಲಗಿದ್ದಾಗ ನನ್ನ ತೋಟದ ಹಣ್ಣು ಕುಯ್ದು ಕಣದಲ್ಲಿ ಹರಡಿದ ನೆರೆಯವರಿಗೆ ಕೈಮುಗಿಯುತ್ತೇನೆ.

ಈ ಭಾನುವಾರ ಮತ್ತೆ ತಪಾಸಣೆ ಇದೆ. ಕುರ್ಚಿಗಳನ್ನು ನಾನೇ ತರುತ್ತೇನೆ. ಬೂಟು ಬಿಚ್ಚಲು ಹಿಂಜರಿಯುವವರ ಪಕ್ಕದಲ್ಲಿ ಕುಳಿತು ಮೊದಲು ನನ್ನ ಬೂಟು ಬಿಚ್ಚುತ್ತೇನೆ.